ಇಪ್ಪತ್ತೆರಡು ವೇಷಗಳ ಆಟ

ಮನುಷ್ಯನಿಗೆ ಒಂದು ಬಾಳು ಸಾಲದೆಂಬ ಕೊರಗು ಬಹಳ ಹಳೆಯದು. ದೇಹ ಒಂದು, ಆಯುಷ್ಯ ಒಂದು, ಹಿಡಿದ ಕಸುಬು ಬಹುಮಟ್ಟಿಗೆ ಒಂದು; ಆಸೆಗಳು ಮಾತ್ರ ಹಲವು. ನೇಗಿಲ ಹಿಂದೆ ನಡೆಯುವವನಿಗೆ ಒಂದು ದಿನವಾದರೂ ಕಿರೀಟ ತೊಡಬೇಕೆನಿಸುತ್ತದೆ. ಕಿರೀಟ ತೊಟ್ಟವನಿಗೆ ಎಲ್ಲವನ್ನೂ ಬಿಟ್ಟು ದೇಶಾಂತರ ಹೋಗಬೇಕೆನಿಸುತ್ತದೆ. ಈ ಕೊರಗಿಗೆ ಕಾವ್ಯ ಒಂದು ಬಗೆಯ ಸಮಾಧಾನವನ್ನು ಹೇಳಿತು, ನಾಟಕ ಇನ್ನೊಂದು ಬಗೆಯದನ್ನು ಹೇಳಿತು. ನಾನು ಇಲ್ಲಿ ಹೇಳಹೊರಟಿರುವುದು ಮೂರನೆಯ ಒಂದು ಸಮಾಧಾನವನ್ನು. ಅದು ಜಪಾನಿನಲ್ಲಿ ಹುಟ್ಟಿದ್ದು, ಗಾಜಿನ ಪರದೆಯ ಮೇಲೆ ನಡೆಯುವಂಥದು, ಮತ್ತು ಮಕ್ಕಳ ಕಾಲಹರಣವೆಂದು ದೊಡ್ಡವರು ತಳ್ಳಿಹಾಕಿರುವಂಥದು. ಸಾಹಿತ್ಯಕ್ಕೆ ಮೀಸಲಾದ ಪುಟದಲ್ಲಿ ವಿಡಿಯೊ ಆಟದ ಮಾತೇ ಎಂದು ಹುಬ್ಬೇರಿಸುವವರು ಸ್ವಲ್ಪ ತಾಳಬೇಕೆಂದು ಬೇಡುತ್ತೇನೆ.

ಆಟದ ಹೆಸರು ‘ಫೈನಲ್ ಫ್ಯಾಂಟಸಿ’. ಅದರ ಮಾಲೆಯಲ್ಲಿ ಐದನೆಯದು. ಸ್ಕ್ವೇರ್ ಎಂಬ ಸಂಸ್ಥೆ ಇದನ್ನು 1992ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಹೊರತಂದಿತು. ನಿರ್ದೇಶಕ ಹಿರೊನೊಬು ಸಕಾಗುಚಿ, ಸಂಗೀತ ನೊಬುವೊ ಉಎಮತ್ಸು. ಇಂಗ್ಲಿಷಿನಲ್ಲಿ ಅಧಿಕೃತವಾಗಿ ಪ್ರಕಟವಾಗಲು ಅದು 1999ರವರೆಗೆ ಕಾಯಬೇಕಾಯಿತು. 2021ರಲ್ಲಿ ಚಿತ್ರ ಸಂಗೀತಗಳನ್ನು ಹೊಸದಾಗಿ ತಿದ್ದಿ ಮೊಬೈಲಿಗೂ ಅದನ್ನು ಒಗ್ಗಿಸಿದರು. ನನ್ನಂಥ ಪಾಠ ಹೇಳುವವನ ಕೈಗೆ ಅದು ಬಂದದ್ದು ಆ ರೂಪದಲ್ಲಿ.

ಕಥೆ ನಮ್ಮ ಪುರಾಣಗಳ ಜಾಡಿನದು. ಲೋಕವನ್ನು ಧರಿಸಿರುವ ನಾಲ್ಕು ಸ್ಫಟಿಕಗಳಿವೆ: ಗಾಳಿಯದು, ನೀರಿನದು, ಬೆಂಕಿಯದು, ಮಣ್ಣಿನದು. ಮನುಷ್ಯರು ಯಂತ್ರಗಳನ್ನು ಕಟ್ಟಿ ಅವುಗಳ ಶಕ್ತಿಯನ್ನು ಮಿತಿಮೀರಿ ಹಿಂಡಿದ್ದರಿಂದ ಅವು ಬಳಲಿವೆ. ಒಂದು ದಿನ ಗಾಳಿ ನಿಲ್ಲುತ್ತದೆ, ಸ್ಫಟಿಕ ಒಡೆಯುತ್ತದೆ. ಆ ಒಡೆದ ಚೂರುಗಳಲ್ಲಿ ಹಿಂದಿನ ವೀರರ ಸತ್ತ್ವ ಅಡಗಿದೆ. ಚೂರನ್ನು ಕೈಗೆತ್ತಿಕೊಂಡವನಿಗೆ ಒಂದು ವೃತ್ತಿ ದೊರೆಯುತ್ತದೆ. ಗಾಳಿಯ ಚೂರುಗಳಿಂದ ಯೋಧ, ಮಲ್ಲ, ಕಳ್ಳ, ಬಿಳಿಯ ಮಾಂತ್ರಿಕ, ಕರಿಯ ಮಾಂತ್ರಿಕ, ನೀಲಿಯ ಮಾಂತ್ರಿಕ ಎಂಬ ಆರು. ನೀರಿನಿಂದ ಐದು, ಬೆಂಕಿಯಿಂದ ಐದು, ಮಣ್ಣಿನಿಂದ ನಾಲ್ಕು. ಬಿಲ್ಲುಗಾರ, ಗಾಯಕ, ನರ್ತಕ, ಮೃಗಗಳನ್ನು ಪಳಗಿಸುವವನು, ಔಷಧಗಳನ್ನು ಬೆರೆಸುವ ರಸವೈದ್ಯ, ಹಣವನ್ನೇ ಎಸೆದು ಹೊಡೆಯಬಲ್ಲ ಸಮುರಾಯಿ, ಎಲ್ಲರೂ ಇಲ್ಲಿದ್ದಾರೆ. ಮುಂದೆ ಸಿಕ್ಕುವ ಅನುಕರಣಕಾರನನ್ನೂ ಮೊದಲಿನ ಬರಿಯ ಮನುಷ್ಯನನ್ನೂ ಕೂಡಿಸಿದರೆ ಇಪ್ಪತ್ತೆರಡು.

ಇಷ್ಟೂ ವೇಷಗಳನ್ನು ಹಾಕುವವರು ನಾಲ್ವರೇ. ಬಾರ್ಟ್ಸ್ ಎಂಬ ಅಲೆಮಾರಿ. ಲೆನ್ನ ಎಂಬ ರಾಜಕುಮಾರಿ. ತಾನಾರೆಂಬುದನ್ನೇ ಮರೆತ ಗಾಲಫ್ ಎಂಬ ಮುದುಕ. ಗಂಡುಡುಗೆಯಲ್ಲಿ ಹಡಗುಗಳ್ಳರನ್ನಾಳುವ ಫ್ಯಾರಿಸ್ ಎಂಬ ಹೆಂಗಸು. ಇವರನ್ನು ಯಾವ ವೃತ್ತಿಯಲ್ಲಿ ತೊಡಗಿಸಬೇಕೆಂಬುದು ಆಡುವವನ ಇಷ್ಟ. ರಾಜಕುಮಾರಿ ಕಳ್ಳಿಯಾಗಬಹುದು, ಮುದುಕ ಕುಣಿಯಬಹುದು. ಪ್ರತಿ ವೃತ್ತಿಗೂ ಪ್ರತಿಯೊಬ್ಬರಿಗೂ ಬೇರೆ ಬೇರೆ ಉಡುಗೆ. ಇದನ್ನು ನೋಡುವ ಸಂತೋಷ ಬಣ್ಣದ ಮನೆಯ ಬಾಗಿಲಿನ ಸಂದಿಯಲ್ಲಿ ಕಣ್ಣಿಟ್ಟ ಹುಡುಗನ ಸಂತೋಷವೇ ಆಗಿದೆ.

ಬಣ್ಣದ ಮನೆಯ ಹೋಲಿಕೆ ನನಗೆ ಪುಸ್ತಕದಿಂದ ಬಂದುದಲ್ಲ. ನಮ್ಮದು ಕೋಗಳಿ ನಾಡು. ಹಳೆಯ ಶಾಸನಗಳ ‘ಕೋಗಳಿ ಐನೂರು’ ನೊಳಂಬವಾಡಿಯ ಒಂದು ಭಾಗವಾಗಿತ್ತು. ಇಂದು ಕೋಗಳಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಒಂದು ಊರು. ಇಲ್ಲಿಂದ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿಗಳ ಕಡೆಗೆ ಯಾವ ದಾರಿ ಹಿಡಿದರೂ ಬಯಲಾಟ ಆಡಿದ ಹಳ್ಳಿಗಳೇ ಸಿಗುತ್ತವೆ. ಸುಗ್ಗಿ ಮುಗಿದ ಮೇಲೆ ಮಾಸ್ತರನೊಬ್ಬನನ್ನು ಗೊತ್ತುಮಾಡಿ, ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸಿ, ಹೊಲದಲ್ಲಿ ದುಡಿಯುವ ಜನರೇ ಅರ್ಜುನರೂ ಕರ್ಣರೂ ಕುಮಾರರಾಮರೂ ಆಗುತ್ತಾರೆ. ಭುಜಕೀರ್ತಿ, ಎದೆಗಟ್ಟು, ಕಿರೀಟಗಳು ಬಾಡಿಗೆಗೆ ಬರುತ್ತವೆ. ಹಲವೆಡೆ ಪಾತ್ರ ಹಿಡಿದವನೇ ಖರ್ಚಿನ ಪಾಲನ್ನೂ ಹೊರುತ್ತಾನೆ. ಒಂದು ರಾತ್ರಿ ರಾಜನಾಗುವುದಕ್ಕಾಗಿ ಬಡವನು ಸಾಲ ಮಾಡುವುದುಂಟು. ಅದನ್ನು ಹುಚ್ಚೆಂದು ಕರೆಯುವವರು ಆ ರಾತ್ರಿಯ ಬೆಲೆಯನ್ನು ತಿಳಿಯದವರು. ಮೈಲಾರದ ಜಾತ್ರೆಯಲ್ಲಿ ಕಂಬಳಿಯ ನಿಲುವಂಗಿ ತೊಟ್ಟು, ಕರಡಿಯ ಕೂದಲಿನ ಕುಲಾವಿಯಿಟ್ಟು, ಡಮರು ಹಿಡಿದ ಗೊರವ ಮನೆಯಲ್ಲಿದ್ದಾಗಿನ ಮನುಷ್ಯನಲ್ಲ. ಅಲ್ಲಿ ಬಿಲ್ಲನ್ನೇರಿ ಕಾರಣಿಕ ನುಡಿಯುವ ಗೊರವಯ್ಯನ ಮುಂದೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಹೂವಿನಹಡಗಲಿಯಲ್ಲಿ ರಾಜಕಾರಣಿಯಾಗಿ ಬೆಳೆದ ಎಂ. ಪಿ. ಪ್ರಕಾಶರು ರಂಗಭಾರತಿಯನ್ನು ಕಟ್ಟಿ ನಾಟಕಕ್ಕೆ ಆಸರೆಯಾದುದೂ ಈ ನೆಲದ ಗುಣಕ್ಕೆ ತಕ್ಕುದೇ. ವೇಷದ ಮಹಿಮೆ ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜಪಾನಿನ ಆಟ ನನ್ನನ್ನು ಹಿಡಿದು ನಿಲ್ಲಿಸಿದ್ದಕ್ಕೆ ಕಾರಣ ವೇಷವೊಂದೇ ಆಗಿದ್ದರೆ, ನಾಲ್ಕು ದಿನ ನೋಡಿ ಸುಮ್ಮನಾಗುತ್ತಿದ್ದೆ. ಅದರಲ್ಲಿ ವೇಷದ ಒಳಗೆ ವಿದ್ಯೆಯಿದೆ. ಪ್ರತಿ ಹೋರಾಟದಲ್ಲಿ ದೇಹಬಲಕ್ಕೊಂದು, ವೃತ್ತಿಗೊಂದು, ಹೀಗೆ ಎರಡು ಬಗೆಯ ಅನುಭವ ಸಂಗ್ರಹವಾಗುತ್ತದೆ. ವೃತ್ತಿಯ ಅನುಭವ ಕೂಡಿದಂತೆ ಅದರ ಕೌಶಲಗಳು ಒಂದೊಂದಾಗಿ ಕೈವಶವಾಗುತ್ತವೆ. ಹಾಗೆ ಕಲಿತುದನ್ನು ವೃತ್ತಿ ಬದಲಿಸಿದ ಮೇಲೂ ಜೊತೆಯಲ್ಲಿ ಒಯ್ಯಬಹುದು. ಆದರೆ ಒಂದು ವೃತ್ತಿಯಲ್ಲಿರುವಾಗ ಸಾಮಾನ್ಯವಾಗಿ ಬೇರೆ ವೃತ್ತಿಯ ಒಂದೇ ವಿದ್ಯೆಗೆ ಸ್ಥಳವುಂಟು. ಬಿಳಿಯ ಮಂತ್ರ ಬಲ್ಲ ಯೋಧನೋ, ಕತ್ತಿವರಸೆ ಬಲ್ಲ ಗಾಯಕನೋ, ಕಳ್ಳನ ಚುರುಕು ಬಲ್ಲ ವೈದ್ಯನೋ? ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು. ಈ ಆಯ್ಕೆಯ ಸಂಕಟದಲ್ಲಿಯೇ ಆಟದ ರುಚಿಯಿದೆ. ಬಲವಾದ ಶತ್ರುವಿನ ಮುಂದೆ ಸೋತು, ಹಿಂದಕ್ಕೆ ಬಂದು, ಯಾವ ವಿದ್ಯೆಗೆ ಯಾವ ವಿದ್ಯೆಯನ್ನು ಕೂಡಿಸಿದರೆ ಈ ಗೋಡೆ ಬಿದ್ದೀತೆಂದು ಕುಳಿತು ಯೋಚಿಸುವ ಸುಖ ಗಣಿತದ ಕಠಿಣ ಲೆಕ್ಕವನ್ನು ಬಿಡಿಸುವ ಸುಖಕ್ಕೆ ಬಹಳ ಹತ್ತಿರವಾದುದು.

ಅದರಲ್ಲಿಯೂ ನೀಲಿಯ ಮಾಂತ್ರಿಕನ ಕಲಿಕೆ ನನಗೆ ಅತ್ಯಂತ ಪ್ರಿಯವಾಯಿತು. ಉಳಿದ ಮಾಂತ್ರಿಕರು ಮಂತ್ರಗಳನ್ನು ಬಹುಮಟ್ಟಿಗೆ ಅಂಗಡಿಯಲ್ಲಿ ಕೊಂಡು ಕಲಿಯುತ್ತಾರೆ. ಇವನಿಗೆ ಆ ದಾರಿಯಿಲ್ಲ. ಶತ್ರು ತನ್ನ ವಿದ್ಯೆಯನ್ನು ಇವನ ಮೇಲೆಯೇ ಪ್ರಯೋಗಿಸಬೇಕು. ಆ ಪೆಟ್ಟನ್ನು ತಿಂದು ಬದುಕುಳಿದರೆ ಆ ವಿದ್ಯೆ ಇವನದು. ನಮ್ಮ ಹಳ್ಳಿಗಳಲ್ಲಿ ಬುದ್ಧಿವಂತರಾದವರಲ್ಲಿ ಹೆಚ್ಚಿನವರು ನೀಲಿಯ ಮಾಂತ್ರಿಕರೇ ಅಲ್ಲವೆ?

ಆಟದಲ್ಲಿ ನಗುವೂ ಇದೆ. ಗಿಲ್ಗಮೇಶ್ ಎಂಬ ಪ್ರತಿನಾಯಕ ಬಯಲಾಟದ ರಕ್ಕಸನಂತೆ ಆರ್ಭಟಿಸುತ್ತ ಬರುತ್ತಾನೆ. ಸೋಲು ಹತ್ತಿರವಾದೊಡನೆ ನೆಪ ಹೇಳಿ ಓಡುತ್ತಾನೆ. ಅದೇ ಗಿಲ್ಗಮೇಶ್ ಕೊನೆಯಲ್ಲಿ ತನ್ನ ಹಳೆಯ ಎದುರಾಳಿಗಳನ್ನು ಉಳಿಸುವುದಕ್ಕಾಗಿ ಪ್ರಾಣವನ್ನು ಕೊಡುತ್ತಾನೆ. ಎರಡು ಗಂಟೆಯ ಹಾಸ್ಯದ ನಂತರ ಎದೆ ಹಿಂಡುವ ಒಂದು ಗಳಿಗೆ! ಬಯಲಾಟದ ಮಾಸ್ತರರೂ ಇದನ್ನು ಮೆಚ್ಚಿ ತಲೆದೂಗುತ್ತಿದ್ದರು.

ಈ ವೃತ್ತಿಪಲ್ಲಟದ ಕಲ್ಪನೆಗೆ ಒಂದು ಇತಿಹಾಸವಿದೆ. ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮಾತಿನ ಆಟದಲ್ಲಿ ಆಡುವವನು ಒಂದು ವೃತ್ತಿಯನ್ನು ಆರಿಸಿಕೊಳ್ಳುತ್ತಿದ್ದ. ಅದರ ಸಂತತಿಯಾದ ಗಣಕದ ಆಟಗಳಿಂದ ಸ್ಫೂರ್ತಿಗೊಂಡ ಯುಜಿ ಹೊರಿಯಿ ಜಪಾನಿನಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಮಾಲೆಯನ್ನು ರಚಿಸಿದ. 1988ರ ಫೆಬ್ರವರಿಯಲ್ಲಿ ಬಂದ ಅದರ ಮೂರನೆಯ ಆಟದಲ್ಲಿ ಒಂದು ದೇವಾಲಯವಿದೆ. ಇಪ್ಪತ್ತನೆಯ ಮೆಟ್ಟಿಲನ್ನು ಮುಟ್ಟಿದವನು ಅಲ್ಲಿಗೆ ಹೋಗಿ ತನ್ನ ವೃತ್ತಿಯನ್ನು ಬದಲಿಸಬಹುದು. ಆ ದೇವಾಲಯದ ಹೆಸರು ಜಪಾನಿ ಉಚ್ಚಾರದಲ್ಲಿ ‘ದಾಮ’. ಕನ್ನಡದ ಕಿವಿಗೆ ಅದರಲ್ಲಿ ‘ಧರ್ಮ’ದ ದನಿ ಕೇಳಿಸದೆ ಇರದು. ಹುಟ್ಟಿನಿಂದ ಬಂದ ವೃತ್ತಿಯನ್ನು ಬಿಡಬಾರದೆಂದು ಹೇಳುವುದಕ್ಕೆ ಎಷ್ಟೋ ಶತಮಾನ ಬಳಕೆಯಾದ ಶಬ್ದ ಅದು. ಅದನ್ನೇ ನೆನಪಿಗೆ ತರುವ ಹೆಸರಿನ ಗುಡಿಯಲ್ಲಿ ವೃತ್ತಿಯನ್ನು ಬಿಡಲು ಅನುಮತಿ ದೊರೆಯುತ್ತದೆ!

ಆ ಗುಡಿಯ ನಿಯಮವನ್ನು ಗಮನಿಸಬೇಕು. ವೃತ್ತಿ ಬದಲಿಸಿದವನು ಮತ್ತೆ ಮೊದಲ ಮೆಟ್ಟಿಲಿಗೆ ಇಳಿಯುತ್ತಾನೆ. ಅವನ ಶಕ್ತಿಯೆಲ್ಲ ಅರ್ಧವಾಗುತ್ತದೆ. ಆದರೆ ಕಲಿತ ಮಂತ್ರಗಳಲ್ಲಿ ಒಂದೂ ಮರೆತುಹೋಗುವುದಿಲ್ಲ. ಇನ್ನೊಂದು ಸ್ವಾರಸ್ಯವೂ ಉಂಟು. ಎಲ್ಲ ವೃತ್ತಿಗಳಿಗೂ ಮೇಲಾದುದು ‘ಜ್ಞಾನಿ’ಯ ಪದವಿ, ಅದನ್ನು ಪಡೆಯಲು ಉಳಿದವರಿಗೆ ಅಪರೂಪದ ಒಂದು ಗ್ರಂಥ ಬೇಕು. ಗ್ರಂಥವಿಲ್ಲದೆ ಜ್ಞಾನಿಯಾಗಬಲ್ಲವನು ಒಬ್ಬನೇ, ಹೋರಾಟದ ನಡುವೆಯೂ ಚೇಷ್ಟೆ ಮಾಡುತ್ತ ಯಾವ ಕೆಲಸಕ್ಕೂ ಬಾರದೆ ಕಾಲ ಕಳೆದ ವಿದೂಷಕ. ತರಗತಿಯ ಕೊನೆಯ ಬೆಂಚಿನ ಮೇಲೆ ಕಣ್ಣಿಟ್ಟಿರುವ ಉಪಾಧ್ಯಾಯರು ಈ ನಿಯಮವನ್ನು ಸುಲಭವಾಗಿ ಅಲ್ಲಗಳೆಯಲಾರರು.

ಜಪಾನೀಯರಿಗೆ ಈ ಕಲ್ಪನೆ ಅಷ್ಟು ಹಿಡಿಸಿತೇಕೆ? ಯೋಧ, ರೈತ, ಕುಶಲಕರ್ಮಿ, ವರ್ತಕ ಎಂಬ ಶ್ರೇಣಿಗಳಲ್ಲಿ ಜನರನ್ನು ಹುಟ್ಟಿನಿಂದಲೇ ಕಟ್ಟಿಹಾಕಿದ್ದ ಸಮಾಜ ಅದು. 1868ರ ಮೆಯಿಜಿ ಪಲ್ಲಟದ ನಂತರವೇ ಆ ಕಟ್ಟು ಕಾನೂನಿನಲ್ಲಿ ಸಡಿಲಿತು. ಎರಡನೆಯ ಮಹಾಯುದ್ಧದ ತರುವಾಯ ದೊಡ್ಡ ಕಂಪೆನಿಗಳು ಬೆಳೆದಾಗ ಒಂದು ಸಂಸ್ಥೆಯನ್ನು ಸೇರಿದವನು ನಿವೃತ್ತಿಯವರೆಗೂ ಅಲ್ಲಿಯೇ ಇರುವುದು ಆದರ್ಶವೆನಿಸಿತು. ‘ಡ್ರ್ಯಾಗನ್ ಕ್ವೆಸ್ಟ್’ ಬಳಸುವ ‘ತೆನ್‌ಶೊಕು’ ಎಂಬ ಮಾತು ನಿಜಜೀವನದಲ್ಲಿ ನೌಕರಿ ಬದಲಿಸುವುದಕ್ಕೆ ಬಳಸುವ ಮಾತೇ. ಹಗಲೆಲ್ಲ ಒಂದೇ ಮೇಜಿನ ಮುಂದೆ ಕುಳಿತವನು ರಾತ್ರಿ ಮನೆಗೆ ಬಂದು, ಗುಂಡಿಯೊತ್ತಿ, ಅಡ್ಡಿಯಿಲ್ಲದೆ ವೃತ್ತಿ ಬದಲಿಸುತ್ತಿದ್ದನೆಂದು ಊಹಿಸುವುದು ಕಷ್ಟವಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಪರದೆಯ ಮೇಲೆ ವೃತ್ತಿ ಬದಲಿಸುವುದು ಸುಲಭ, ಬಾಳಿನಲ್ಲಿ ಹಾಗುಂಟೆ? ಹಾಗಾದರೆ ಇದು ಬರಿಯ ಮರೆವಿನ ಮದ್ದಲ್ಲವೆ? ಈ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ನಮ್ಮ ನಾಡಿನಲ್ಲಿ ವೃತ್ತಿಪಲ್ಲಟವೆಂಬುದು ಬಹಳ ಸಲ ಆಯ್ಕೆಯಾಗಿ ಬರದೆ ವಿಪತ್ತಾಗಿ ಬಂದಿದೆ. ತುಂಗಭದ್ರೆಯ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗ ನಾರಾಯಣದೇವರಕೆರೆ ಮೊದಲಾದ ಊರುಗಳು ಮುಳುಗಿದವು. ತಲೆತಲಾಂತರದಿಂದ ಉತ್ತು ಬಂದವರು ನೆಲ ಬಿಟ್ಟು ಬೇರೆ ಊರುಗಳಲ್ಲಿ ಬೇರೆ ಬದುಕನ್ನು ಹುಡುಕಿಕೊಳ್ಳಬೇಕಾಯಿತು. ಅವರೂ ಮೊದಲ ಮೆಟ್ಟಿಲಿಗೆ ಇಳಿದರು, ಅವರ ಬಲವೂ ಅರ್ಧವಾಯಿತು. ಅವರನ್ನು ಹಾಗೆ ಇಳಿಸಿದವರು ಅವರ ಒಪ್ಪಿಗೆಯನ್ನು ಕಾಯಲಿಲ್ಲ. ಮಳೆ ತಪ್ಪಿದ ವರ್ಷಗಳಲ್ಲಿ ಕೂಡ್ಲಿಗಿಯ ಕಡೆಯ ರೈತ ದೂರದ ನಗರಕ್ಕೆ ಹೋಗಿ ಗಾರೆ ಕಲಸುತ್ತಾನೆ. ನೇಗಿಲ ವಿದ್ಯೆಗೆ ಅಲ್ಲಿ ಸ್ಥಳವಿಲ್ಲ.

ಹಗಲುವೇಷದವರ ಸಂಗತಿ ಇನ್ನೂ ಮರ್ಮಭೇದಕವಾದುದು. ಬುಡ್ಗಜಂಗಮರೇ ಮೊದಲಾದ ಈ ಕಲಾವಿದರು ಒಂದು ಊರಿಗೆ ಬಂದರೆ ಹಲವು ದಿನ ನಿಲ್ಲುತ್ತಾರೆ. ದಿನಕ್ಕೊಂದು ವೇಷ: ಇಂದು ರಾಮಲಕ್ಷ್ಮಣರು, ನಾಳೆ ಬೇಡ, ನಾಡಿದ್ದು ಹನುಮಂತ, ಮತ್ತೊಂದು ದಿನ ದರ್ಪದ ಪೊಲೀಸು ಅಧಿಕಾರಿ. ಕೊನೆಯ ದಿನ ವೇಷ ಕಳಚಿ ಮನೆಮನೆಗೆ ಹೋಗಿ ಕಾಳು ಕಾಸುಗಳನ್ನು ಪಡೆದು ಮುಂದಿನ ಊರಿಗೆ ನಡೆಯುತ್ತಾರೆ. ಯಾವ ಆಟಗಾರನಿಗಿಂತಲೂ ಹೆಚ್ಚು ವೃತ್ತಿಗಳನ್ನು ಇವರು ಧರಿಸಿದ್ದಾರೆ. ಅಧಿಕಾರಿಯ ನಡಿಗೆಯನ್ನು ಅಧಿಕಾರಿಗಿಂತ ಚೆನ್ನಾಗಿ ಬಲ್ಲರು. ಆದರೆ ನಿಜವಾದ ಕಚೇರಿಯ ಕುರ್ಚಿ ಇವರಿಗೆ ಬಹುಕಾಲ ದೂರವೇ ಉಳಿಯಿತು. ಎಲ್ಲ ವೇಷಗಳನ್ನೂ ಹಾಕಬಲ್ಲವನಿಗೆ ಸಮಾಜ ಒಂದೇ ವೃತ್ತಿಯನ್ನು ಕೊಟ್ಟಿತು, ವೇಷ ಹಾಕುವ ವೃತ್ತಿಯನ್ನು; ಅದನ್ನೂ ಹುಟ್ಟಿನಿಂದಲೇ ಕೊಟ್ಟಿತು.

ಇದಕ್ಕೆ ಎದುರಾಗಿ ನಮ್ಮಲ್ಲಿಯೇ ಒಂದು ದೊಡ್ಡ ಪ್ರಯೋಗ ನಡೆದುದನ್ನು ಮರೆಯಲಾಗದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ ಇವರೆಲ್ಲ ತಮ್ಮ ಕಸುಬನ್ನೇ ಹೆಸರಿನ ಮುಂದೆ ಹೊತ್ತು ಒಂದೇ ಸಾಲಿನಲ್ಲಿ ಕುಳಿತರು. ಅವರು ಕಸುಬನ್ನು ಬಿಟ್ಟುಕೊಡಲಿಲ್ಲ. ಕಸುಬುಗಳ ನಡುವಣ ಮೇಲುಕೀಳನ್ನು ಬಿಟ್ಟುಕೊಟ್ಟರು. ಆಟದ ವೃತ್ತಿಪಟ್ಟಿಯಲ್ಲಿಯೂ ಇಂಥದೊಂದು ಸಮತೆ ಕಾಣುತ್ತದೆ. ಯೋಧನಿಗೂ ಕಳ್ಳನಿಗೂ ನರ್ತಕನಿಗೂ ಒಂದೇ ಅಳತೆಯ ಚೌಕ. ಯಾರು ಯಾವಾಗ ಬೇಕಾಗುವರೆಂದು ಹೇಳಲು ಬಾರದು. ದುರ್ಬಲನೆಂದು ಬದಿಗಿಟ್ಟ ರಸವೈದ್ಯನು ಯಾರೂ ಗೆಲ್ಲದ ಶತ್ರುವನ್ನು ತನ್ನ ಬೆರಕೆಯಿಂದ ಗೆಲ್ಲುವುದುಂಟು. ಇದನ್ನು ಚೆನ್ನಾಗಿ ತಿಳಿದ ಅಭಿಮಾನಿಗಳು ಹಲವು ವರ್ಷಗಳಿಂದ ‘ಫೋರ್ ಜಾಬ್ ಫಿಯೆಸ್ಟಾ’ ಎಂಬ ಒಂದು ಉತ್ಸವವನ್ನು ನಡೆಸುತ್ತಿದ್ದಾರೆ. ಪ್ರತಿ ಸ್ಫಟಿಕಕ್ಕೆ ಒಂದರಂತೆ ನಾಲ್ಕು ವೃತ್ತಿಗಳನ್ನು ಚೀಟಿಯೆತ್ತಿ ಕೊಡುತ್ತಾರೆ. ಸಿಕ್ಕಿದ ನಾಲ್ಕರಿಂದಲೇ ಇಡೀ ಆಟವನ್ನು ಮುಗಿಸಬೇಕು. ಅದರ ನೆಪದಲ್ಲಿ ಧರ್ಮಕಾರ್ಯಕ್ಕೆ ಹಣವೂ ಕೂಡುತ್ತದೆ. ಚೀಟಿಯಿಂದ ಬಂದ ವೃತ್ತಿಯಲ್ಲಿಯೂ ಆನಂದವಿದೆಯೆಂದು ಇವರು ತೋರಿಸಿದ್ದಾರೆ. ಆದರೆ ಅವರು ಆ ಚೀಟಿಯನ್ನು ಎತ್ತಿದ್ದು ತಮ್ಮ ಇಷ್ಟದಿಂದ. ಮುಂದಿನ ವರ್ಷ ಮತ್ತೊಂದು ಚೀಟಿ ಕಾದಿದೆ. ಹುಟ್ಟಿನ ಚೀಟಿಗೂ ಆಟದ ಚೀಟಿಗೂ ಇರುವ ಅಂತರವೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಆದ್ದರಿಂದ ಇದನ್ನು ಮರೆವಿನ ಮದ್ದೆಂದು ನಾನು ಒಪ್ಪಲಾರೆ. ಹದಿನಾರರ ವಯಸ್ಸಿನ ಹುಡುಗಹುಡುಗಿಯರು ಅಂಕಪಟ್ಟಿ ಹಿಡಿದು ವಿಜ್ಞಾನವೋ ಕಲೆಯೋ ವಾಣಿಜ್ಯವೋ ಎಂದು ಕಂಗೆಟ್ಟು ನಿಲ್ಲುವುದನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ. ಈಗ ತಪ್ಪಿದರೆ ಎಂದೆಂದಿಗೂ ತಪ್ಪಿತೆಂಬ ಭಯವನ್ನು ಹಿರಿಯರು ಅವರಲ್ಲಿ ತುಂಬಿರುತ್ತಾರೆ. ಅಂಥವರಿಗೆ ನೀತಿಪಾಠಕ್ಕಿಂತ ಈ ಆಟದ ನಿಯಮ ಹೆಚ್ಚು ಪ್ರಯೋಜನಕರವೆಂದು ತೋರುತ್ತದೆ. ದಾರಿ ಬದಲಿಸಬಹುದು, ಬದಲಿಸಿದರೆ ಬೆಲೆ ತೆರಬೇಕು, ತೆತ್ತ ಬೆಲೆಯಲ್ಲಿ ವಿದ್ಯೆ ಸೇರಿರುವುದಿಲ್ಲ. ಸುಳ್ಳು ಆಶ್ವಾಸನೆ ಇದರಲ್ಲಿ ಇಲ್ಲ. ಇದು ಎಲ್ಲರಿಗೂ ನಿಜವಾಗಬೇಕಾದರೆ ಸಮಾಜವೂ ತನ್ನ ಪಾಲಿನ ನಿಯಮವನ್ನು ತಿದ್ದಿಕೊಳ್ಳಬೇಕು. ಆ ಕೆಲಸವನ್ನು ಆಟ ಮಾಡಲಾರದು. ಹಾಗೆ ತಿದ್ದಿದ ಬಾಳು ಹೇಗಿದ್ದೀತೆಂಬುದನ್ನು ಮಾತ್ರ ಅದು ತೋರಿಸಬಲ್ಲದು.

ಆಟದ ಎರಡು ಸಂಗತಿಗಳನ್ನು ಹೇಳಿ ಮುಗಿಸುತ್ತೇನೆ. ಮೊದಲನೆಯದು ಗಾಲಫನ ಮರಣ. ಮೊಮ್ಮಗಳು ಕ್ರೀಲ್ ಬೆಂಕಿಯ ಸುತ್ತಿನಲ್ಲಿ ಸಿಕ್ಕಿಕೊಂಡಾಗ ಈ ಮುದುಕ ದುಷ್ಟ ಎಕ್ಸ್‌ಡೆತ್‌ನ ಮೇಲೆ ಒಬ್ಬನೇ ಏರಿಹೋಗುತ್ತಾನೆ. ಅವನ ಪ್ರಾಣಬಲದ ಅಂಕ ಸೊನ್ನೆಗೆ ಇಳಿಯುತ್ತದೆ. ಆಟದ ನಿಯಮದಂತೆ ಅವನು ಬೀಳಬೇಕು. ಬೀಳುವುದಿಲ್ಲ, ಸೊನ್ನೆಯಲ್ಲಿಯೇ ನಿಂತು ಹೋರಾಡುತ್ತಾನೆ. ಶತ್ರು ಹಿಮ್ಮೆಟ್ಟಿದ ಮೇಲೆ ಕುಸಿಯುತ್ತಾನೆ. ಗೆಳೆಯರು ಬಲ್ಲ ಮಂತ್ರವನ್ನೆಲ್ಲ, ಇದ್ದ ಔಷಧವನ್ನೆಲ್ಲ ಪ್ರಯೋಗಿಸುತ್ತಾರೆ. ಅದುವರೆಗೆ ನೂರು ಸಲ ಸತ್ತವರನ್ನೆಬ್ಬಿಸಿದ ಮಂತ್ರಗಳು ಈ ಒಂದು ಸಲ ನಡೆಯುವುದಿಲ್ಲ. ಆಮೇಲೆ ಅವನ ಸ್ಥಾನಕ್ಕೆ ಮೊಮ್ಮಗಳು ಬರುತ್ತಾಳೆ. ಪಟ್ಟಿಯನ್ನು ತೆರೆದು ನೋಡಿದರೆ, ಅಜ್ಜ ಕಲಿತ ಪ್ರತಿಯೊಂದು ವಿದ್ಯೆಯೂ, ಪ್ರತಿ ವೃತ್ತಿಯಲ್ಲಿ ಅವನು ಏರಿದ ಪ್ರತಿ ಮೆಟ್ಟಿಲೂ ಅವಳಲ್ಲಿ ಇದೆ. ಮುದುಕನಿಗೆ ಕಲಿಸಲು ನಾನು ಕಳೆದ ಸಂಜೆಗಳು ವ್ಯರ್ಥವಾಗಲಿಲ್ಲವೆಂದು ತಿಳಿದಾಗ ನನಗೆ ಆದ ನೆಮ್ಮದಿ ಲಾಭನಷ್ಟದ್ದಲ್ಲ. ಆಟವನ್ನು ಬದಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಎರಡನೆಯದು ಇಪ್ಪತ್ತೆರಡು ವೃತ್ತಿಗಳಲ್ಲಿ ಮೊಟ್ಟಮೊದಲಿನದು. ಯಾವ ವೃತ್ತಿಯನ್ನೂ ಹಿಡಿಯದ ಬರಿಯ ಮನುಷ್ಯನ ಸ್ಥಿತಿ ಅದು. ಇಂಗ್ಲಿಷಿನಲ್ಲಿ ಅದಕ್ಕೆ ‘ಫ್ರೀಲಾನ್ಸರ್’ ಎನ್ನುತ್ತಾರೆ. ಜಪಾನಿ ಮೂಲದಲ್ಲಿ ಅದರ ಹೆಸರು ‘ಸುಪ್ಪಿನ್’. ಬಣ್ಣ ಹಚ್ಚದ ಮುಖ ಎಂದು ಆ ಮಾತಿನ ಅರ್ಥ. ಆರಂಭದಲ್ಲಿ ಅದರಷ್ಟು ನಿರುಪಯುಕ್ತವಾದುದು ಬೇರೊಂದಿಲ್ಲ. ಚೂರುಗಳು ಸಿಕ್ಕೊಡನೆ ಎಲ್ಲರೂ ಅದನ್ನು ಬಿಟ್ಟೋಡುತ್ತಾರೆ. ಆದರೆ ಒಂದು ವೃತ್ತಿಯನ್ನು ಕೊನೆಯವರೆಗೆ ಕಲಿತು ಮುಗಿಸಿದವನ ಸಹಜಶಕ್ತಿ ಸದ್ದಿಲ್ಲದೆ ಈ ಬಣ್ಣವಿಲ್ಲದ ಮುಖಕ್ಕೆ ಬಂದು ಸೇರುತ್ತದೆ. ಮಲ್ಲನ ಮರುಪೆಟ್ಟು, ಕಳ್ಳನ ಓಟ, ನಿಂಜಾನ ಎರಡು ಕೈಗಳ ಕತ್ತಿ, ಮಾಂತ್ರಿಕನ ಮಂತ್ರಬಲ, ಒಂದೊಂದೂ. ಇತರ ವೃತ್ತಿಗಳಲ್ಲಿ ಹೊರಗಿನ ಒಂದು ವಿದ್ಯೆಗೆ ಸ್ಥಳವಿದ್ದರೆ ಇಲ್ಲಿ ಎರಡಕ್ಕೆ ಇದೆ. ಹಲವು ವೃತ್ತಿಗಳನ್ನು ಪೂರೈಸಿದವನು ಕಡೆಯ ಕಾಳಗಕ್ಕೆ ಬಹಳ ಸಲ ಯಾವ ವೇಷವನ್ನೂ ಹಾಕದೆ, ಮೊದಲ ದಿನದ ಹಳೆಯ ಉಡುಗೆಯಲ್ಲಿಯೇ ಹೋಗುತ್ತಾನೆ.

ಬೆಳಗಿನ ಜಾವದಲ್ಲಿ ಬಣ್ಣ ತೊಳೆದು ಹೊಲಕ್ಕೆ ಹೊರಟ ಕರ್ಣನನ್ನು ನಮ್ಮ ಹಳ್ಳಿಗಳವರೆಲ್ಲ ನೋಡಿದ್ದಾರೆ. ರಾತ್ರಿಯ ದಾನಶೂರತ್ವದ ಒಂದಿಷ್ಟು ಆ ಮುಖದಲ್ಲಿ ಉಳಿದಿರುತ್ತದೆಂದು ಅವನ ನೆರೆಹೊರೆಯವರೂ ಬಲ್ಲರು. ಮುಂದೆ ಎಷ್ಟೋ ವರ್ಷಗಳವರೆಗೆ ಅವನನ್ನು ಕರ್ಣನೆಂದೇ ಕರೆಯುತ್ತಾರೆ.